ಮ್ಯಾಸ್ಕಾಟ್ ವೇಷಕ್ಕೆ ಸಹಿ ಹಾಕುವ ಮುನ್ನ ಇದನ್ನು ಓದಿ

ಅಮೆರಿಕಕ್ಕೆ ಓದಲು ಬಂದಿರುವ, ಬರಲಿರುವ ನಮ್ಮ ಹುಡುಗ ಹುಡುಗಿಯರಿಗೆ ಹೇಳುತ್ತಿದ್ದೇನೆ. ಕಾಲೇಜು ತಂಡದ ಮ್ಯಾಸ್ಕಾಟ್ (ತಂಡದ ಗುರುತಿನ ಗೊಂಬೆ ವೇಷ ಹಾಕಿ ಮೈದಾನದಲ್ಲಿ ಕುಣಿಯುವವರು) ಆಗಲು ಬನ್ನಿ, ಪಂದ್ಯಕ್ಕೆ ಉಚಿತ ಪ್ರವೇಶ, ಮುಂದಿನ ಸೆಮಿಸ್ಟರ್‌ಗೆ ಒಂದಿಷ್ಟು ವಿದ್ಯಾರ್ಥಿವೇತನ ಎಂದು ಕರೆದರೆ ದಯವಿಟ್ಟು ಮರುಳಾಗಬೇಡಿ. ನನಗೂ ಇದೇ ಮಾತು ಹೇಳಿದ್ದರು. ವಿದ್ಯಾರ್ಥಿವೇತನ ಬರಲಿಲ್ಲ, ಆಂಬುಲೆನ್ಸ್ ಬಿಲ್ ಬಂತು.

ನಾನಿರುವುದು ದಕ್ಷಿಣದ ಒಂದು ರಾಜ್ಯದಲ್ಲಿ. ಇಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳು ಶುರುವಾಗುವುದೇ ಆಗಸ್ಟ್ ಕೊನೆಯ ಸುಡುಬಿಸಿಲಿನಲ್ಲಿ. ಕೃತಕ ಹುಲ್ಲಿನ ಮೈದಾನ ಕಾದರೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರ ಮೇಲೆ ರೋಮದ ಬಟ್ಟೆ, ಸ್ಪಂಜಿನ ಹೊಟ್ಟೆ, ಕತ್ತು ಮುರಿಯುವಂಥ ತಲೆ ಹೊತ್ತು ಕುಣಿಯಬೇಕು. ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ. ಆರದ ಬೆವರಿನಿಂದ ಮೈ ತಂಪಾಗುವುದಿಲ್ಲ. ನಮ್ಮೂರಿನ ಯಕ್ಷಗಾನದ ಬಣ್ಣದ ವೇಷಕ್ಕಾದರೂ ಮೂಗು, ಬಾಯಿ ತೆರೆದಿರುತ್ತವೆ, ಚೌಕಿಗೆ ಬಂದರೆ ನೀರು ಕೊಡುವವರಿರುತ್ತಾರೆ.

ಆರೆಗಾನ್ ವಿಶ್ವವಿದ್ಯಾಲಯದ ಮ್ಯಾಸ್ಕಾಟ್ ಬಾತುಕೋಳಿಯೂ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬ್ಯಾಡ್ಜರ್ ಎಂಬ ಬಿಲ ತೋಡುವ ಪ್ರಾಣಿಯೂ ತಮ್ಮ ತಂಡ ಗಳಿಸಿದ ಅಂಕದಷ್ಟು ದಂಡ ಹೊಡೆಯುವುದನ್ನು ಟಿವಿಯಲ್ಲಿ ನೋಡಿ ಚಪ್ಪಾಳೆ ತಟ್ಟಿದವನು ನಾನು. ವಿಸ್ಕಾನ್ಸಿನ್‌ನಲ್ಲಿ ಆ ವೇಷ ಹಾಕಲು ಹಲವರಿದ್ದಾರೆ, ಸರದಿಯ ಮೇಲೆ ಹಾಕುತ್ತಾರೆ. ನಮ್ಮಲ್ಲೂ ಸರದಿ ಇದೆ, ಮಂಜುಗಡ್ಡೆ ಚೀಲದ ಒಳಅಂಗಿ ಇದೆ, ಕೈ ಹಿಡಿದು ನಡೆಸುವ ಸಹಾಯಕರಿದ್ದಾರೆ ಎಂದಿದ್ದರು. ಸರದಿಯ ಇನ್ನೊಬ್ಬ ಹುಡುಗ ಆ ವಾರವೇ ಬಿಟ್ಟುಹೋಗಿದ್ದ. ಅದನ್ನು ನನಗೆ ಹೇಳಿದ್ದು ಬೆನ್ನಿನ ಜಿಪ್ ಎಳೆದ ಮೇಲೆ! ಒಳಅಂಗಿಯ ಮಂಜು ಕರಗಿ ಬರೀ ಒದ್ದೆ ಭಾರವಾಗಿತ್ತು. ತಲೆಯೊಳಗಿನ ಪುಟ್ಟ ಫ್ಯಾನ್‌ಗೆ ಬ್ಯಾಟರಿ ಇರಲಿಲ್ಲ.

ಮ್ಯಾಸ್ಕಾಟ್ ಮಾತನಾಡಬಾರದು, ಅದು ನಿಯಮ. ಆಗುವುದೇ ಇಲ್ಲ ಎನ್ನಿಸಿದರೆ ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿಯಬೇಕು, ಸಹಾಯಕಿ ಹೊರಗೆ ಕರೆದೊಯ್ಯುತ್ತಾಳೆ ಎಂದು ಹೇಳಿಕೊಟ್ಟಿದ್ದರು. ನಾನು ಹಿಡಿದೆ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ನಕ್ಕು ತಾನೂ ಹಾಗೆಯೇ ಕೈ ಎತ್ತಿದಳು. ನಾನು ಮತ್ತೆ ಹಿಡಿದೆ. ಈ ಸಲ ವಿದ್ಯಾರ್ಥಿಗಳ ಗ್ಯಾಲರಿ ಪೂರ್ತಿ ಕೈ ಎತ್ತಿತು, ಸಾವಿರಾರು ಜನ, ಹೊಸ ಕುಣಿತ ಎಂದುಕೊಂಡು. ಬಾಯಿಯ ಜಾಲರಿಯಿಂದ ಅದನ್ನು ನೋಡುತ್ತಲೇ ತಲೆಯೊಳಗೆ ವಾಂತಿ ಮಾಡಿಕೊಂಡೆ.

ಕುಸಿದುಬಿದ್ದವನನ್ನು ಎತ್ತಿಕೊಂಡು ಹೋಗುವಾಗ ನಮ್ಮ ಮೇಲ್ವಿಚಾರಕ ಹೇಳಿದ ಮಾತು ಮಾತ್ರ ಚೆನ್ನಾಗಿ ಕೇಳಿಸಿತು: "ತಲೆ ತೆಗೆಯಬೇಡಿ, ಮಕ್ಕಳು ನೋಡುತ್ತಿದ್ದಾರೆ." ವಾಂತಿಯಲ್ಲಿ ಮುಖವಿಟ್ಟುಕೊಂಡು, ಉಸಿರು ಸಿಗದೆ, ಮಕ್ಕಳಿಗಾಗಿ! ಉಷ್ಣಾಘಾತವಾದವರನ್ನು ಮೊದಲು ತಂಪು ಮಾಡಬೇಕು, ಆಸ್ಪತ್ರೆಗೆ ಸಾಗಿಸುವುದು ಆಮೇಲೆ. ಆಟಗಾರರಿಗೆಂದು ಮಂಜುಗಡ್ಡೆ ನೀರಿನ ತೊಟ್ಟಿ ಅಲ್ಲೇ ಇತ್ತು. ನನ್ನನ್ನು ಅದರ ಪಕ್ಕದಿಂದಲೇ ಹೊತ್ತುಕೊಂಡು ಹೋದರು.

ಈಗ ಮ್ಯಾಸ್ಕಾಟ್ ವ್ಯವಸ್ಥೆ ನಡೆಸುವವರ ಉತ್ತರಗಳನ್ನು ಕೇಳಿ. ಬಿಲ್ ಕಳುಹಿಸಿದಾಗ: "ನೀವು ಕ್ರೀಡಾಪಟುವಲ್ಲ, ಸ್ವಯಂಸೇವಕ. ನಮೂನೆಯಲ್ಲಿ ಹಾಗೆಂದೇ ಇದೆ." ಸರಿ, ವಿದ್ಯಾರ್ಥಿವೇತನ ಕೊಡುತ್ತೇವೆಂದವರು ನೀವೇ ಅಲ್ಲವೇ ಎಂದರೆ: "ನೀವು ಕೆಲಸಗಾರ ಎನ್ನುವುದಾದರೆ ನಿಮ್ಮ ವಿದ್ಯಾರ್ಥಿ ವೀಸಾದಲ್ಲಿರುವ ವಾರಕ್ಕೆ 20 ಗಂಟೆ ದುಡಿಮೆಯ ಮಿತಿಯ ಲೆಕ್ಕವನ್ನೂ ನೋಡಬೇಕಾಗುತ್ತದೆ." ಎಷ್ಟು ಸಭ್ಯವಾದ ಬೆದರಿಕೆ ನೋಡಿ. ಇಲ್ಲಿ ಯಾರಿಗೂ ಹೀಗಾಗಿಲ್ಲ ಎಂದೂ ಬರೆದಿದ್ದರು. ಜಾನ್ಸ್ ಹಾಪ್ಕಿನ್ಸ್ ವೈದ್ಯರು ವೃತ್ತಿಪರ ತಂಡಗಳ 48 ಮ್ಯಾಸ್ಕಾಟ್‌ಗಳನ್ನು ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ಜನ ಬಿಸಿಯಿಂದ ಅಸ್ವಸ್ಥರಾದವರೇ ಇದ್ದರು. ಅದನ್ನು ಕಳುಹಿಸಿದೆ. ಉತ್ತರವಿಲ್ಲ.

ನನಗೆ ಮೋಸ ಅರ್ಥವಾದದ್ದು ಅದರ ಮುಂದಿನ ಪತ್ರದಲ್ಲಿ. ವಿಶ್ವವಿದ್ಯಾಲಯದ ಮೇಲಧಿಕಾರಿಗಳಿಗೆ ದೂರು ಕೊಡುತ್ತೇನೆ ಎಂದಿದ್ದೆ. ಅವರು ಬರೆದರು: "ವೇಷದೊಳಗೆ ಯಾರಿದ್ದಾರೆಂದು ಯಾರಿಗೂ ಹೇಳಬಾರದು ಎಂಬ ಒಪ್ಪಂದಕ್ಕೆ ನೀವು ಸಹಿ ಮಾಡಿದ್ದೀರಿ. ದೂರು ಕೊಟ್ಟರೆ ಅದನ್ನು ಮುರಿದಂತೆ." ಹೆಸರು ಗುಟ್ಟಾಗಿಡುವುದು ಹಲವು ಕಾಲೇಜುಗಳಲ್ಲಿ ಇರುವ ತಮಾಷೆಯ ಸಂಪ್ರದಾಯ ಎಂದುಕೊಂಡಿದ್ದೆ. ನನ್ನ ರೂಮಿನವರಿಗೂ ಹೇಳಿರಲಿಲ್ಲ. ಅಂದರೆ ಅಂದು ಬಿದ್ದವನು ನಾನೇ ಎನ್ನಲು ನನ್ನ ಪರ ಒಬ್ಬ ಸಾಕ್ಷಿಯೂ ಇಲ್ಲ.

ಇನ್ನು ಮೈಮೇಲಿನ ತುರಿ. ಒಂದೇ ವೇಷ ಹಲವರ ಬೆವರು ಕುಡಿದಿರುತ್ತದೆ. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನ ವೇಷಧಾರಿಗಳು ಹಂಚಿಕೊಂಡ ಒಳಉಡುಪಿನಿಂದ ಹೇನು, ಕಜ್ಜಿ ಹತ್ತುತ್ತಿದೆ ಎಂದು ದೂರಿ, 2001ರಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಒಳಉಡುಪು ಪಡೆದರು. ಅವರಿಗೆ ಕಾರ್ಮಿಕ ಸಂಘವಿತ್ತು. ನಮಗೆ ಯಾರಿದ್ದಾರೆ?

ಹೋಗಲೇಬೇಕು ಎನ್ನುವವರು ಇಷ್ಟಾದರೂ ಮಾಡಿ. ಗಾಯವಾದರೆ ಬಿಲ್ ಯಾರದು, ಒಮ್ಮೆಗೆ ಎಷ್ಟು ನಿಮಿಷ, ಬದಲಿಗೆ ಯಾರು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ, ಬಾಯಿಮಾತು ನಂಬಬೇಡಿ. ಸಹಾಯಕರ ಎದುರು ನಿಂತು ಸನ್ನೆ ಮಾಡಿ ತೋರಿಸಿ, ಅವರಿಂದ ಅರ್ಥ ಹೇಳಿಸಿ. ಒಪ್ಪಂದದಲ್ಲಿ ಏನೇ ಇರಲಿ, ನಿಮ್ಮವರೊಬ್ಬರಿಗೆ ವಿಷಯ ತಿಳಿದಿರಲಿ. ತಲೆ ಸುತ್ತಿದರೆ ಆ ದರಿದ್ರ ತಲೆಯನ್ನು ಎಲ್ಲರೆದುರೇ ಕಿತ್ತೆಸೆಯಿರಿ. ಮಕ್ಕಳು ನೋಡಿದರೆ ನೋಡಲಿ.

ಕಳೆದ ವಾರ ಇನ್ನೊಂದು ಬಿಲ್ ಬಂದಿದೆ, ವೇಷದ ತಲೆಯನ್ನು ತೊಳೆಸಿದ ಖರ್ಚಂತೆ. ಅದನ್ನು ನಾನು ಕಟ್ಟಿಲ್ಲ, ಕಟ್ಟುವುದೂ ಇಲ್ಲ.