ಆರ್ನ್, ಡಾರ್ಸೆಟ್: ಅವ್ವನ ಕಣ್ಣಿಗೆ ನಮ್ಮೂರ ಕಾವಲು (ದನ ಮೇಯೋ ಬಯಲು), ನನ್ನ ಲೆಕ್ಕದಲ್ಲಿ ನಾಲ್ಕೂವರೆ ಸ್ಟಾರ್

ಜುಲೈ ಕೊನೇ ವಾರ ಅವ್ವನ್ನ ಕರ್ಕೊಂಡು ಆರ್ನ್‌ಗೆ ಹೋಗಿದ್ವಿ. ಇಂಗ್ಲೆಂಡಿನ ದಕ್ಷಿಣ ಕರಾವಳಿಲಿ, ಡಾರ್ಸೆಟ್‌ನ ವೇರ್‌ಹ್ಯಾಮ್ ಊರಿನ ಹತ್ರ, ಪೂಲ್ ಹಾರ್ಬರ್ ನೀರೊಳಗೆ ಚಾಚ್ಕೊಂಡಿರೋ ಒಂದು ಮೂಲೆ ಅದು, ಆರ್‌ಎಸ್‌ಪಿಬಿ ಅನ್ನೋ ಹಕ್ಕಿ ರಕ್ಷಣೆ ಸಂಸ್ಥೆ ನೋಡ್ಕೊಳ್ಳೋ ರಿಸರ್ವ್. ಇಲ್ಲಿರೋ ನಮ್ಮ ಕನ್ನಡದವರು ವೀಕೆಂಡ್ ಬಂತಂದ್ರೆ ಲೇಕ್ ಡಿಸ್ಟ್ರಿಕ್ಟ್, ಸ್ನೋಡೋನಿಯಾ, ಡಾರ್ಸೆಟ್‌ಗೆ ಬಂದ್ರೂ ಡರ್ಡಲ್ ಡೋರ್ ಹತ್ರ ಒಂದು ಸೆಲ್ಫಿ ತಗೊಂಡು ವಾಪಸ್. ಆರ್ನ್ ಬಗ್ಗೆ ಯಾರೂ ಕೇಳಲ್ಲ, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲೇ ಹೇಳ್ಬಿಡ್ತೀನಿ, ಇಳಿದ ತಕ್ಷಣ ಬಾಯಿ ಬಿಟ್ಕೊಂಡು ನೋಡೋ ಜಾಗ ಅಲ್ಲ ಇದು. ಬೆಟ್ಟ ಇಲ್ಲ, ಫಾಲ್ಸ್ ಇಲ್ಲ. ಮೊಣಕಾಲುದ್ದದ ಗಿಡ, ಗಾರ್ಸ್ ಅನ್ನೋ ಮುಳ್ಳುಪೊದೆ, ಮರಳು ಕಾಲುದಾರಿ, ಅಲ್ಲೊಂದು ಇಲ್ಲೊಂದು ಪೈನ್ ಮರ. ಅವ್ವ ರಾಣೆಬೆನ್ನೂರು ಕಡೆಯವಳು, ಐದು ನಿಮಿಷ ನಡೆದು ನಿಂತ್ಕೊಂಡು "ಏನವ್ವಾ, ನಮ್ಮ ಕಾವಲು ಇದ್ದಂಗ ಐತಲ್ಲ, ಇದನ್ನ ನೋಡಾಕ ಮೂರು ತಾಸು ಕಾರಾಗ ಕುಂತು ಬಂದ್ವೇನು" ಅಂದ್ಲು. ನನ್ನ ಗಂಡ ಆ ಕಡೆ ಮುಖ ತಿರುಗಿಸ್ಕೊಂಡು ನಕ್ಕ, ಅವನಿಗೂ ಅದೇ ಮಾತು ಬಾಯಲ್ಲಿತ್ತು ಅಂತ ಕಾಣ್ಸುತ್ತೆ.

ಅವ್ವ ಹೇಳಿದ್ದು ತಪ್ಪೇನಲ್ಲ. ಇಂಥ ಬಯಲಿಗೆ ಇಲ್ಲಿ ಹೀತ್ ಅಂತಾರೆ, ಸತ್ವ ಇಲ್ಲದ ಹುಳಿ ಮರಳು ಮಣ್ಣಿನ ಜಾಗ. ಸಾವಿರಾರು ವರ್ಷದ ಹಿಂದೆ ಕಂಚಿನ ಯುಗದ ಜನ ಕಾಡು ಕಡಿದ್ರು, ಆಮೇಲೆ ದನ ಮೇಯಿಸ್ಕೊಂಡು, ಒಲೆಗೆ ಗಾರ್ಸ್ ಕಡ್ಕೊಂಡು ಬಂದಿದ್ದರಿಂದ ಮತ್ತೆ ಕಾಡಾಗದೆ ಬಯಲಾಗೇ ಉಳೀತು. 1800ರಿಂದ ಈಚೆಗೆ ಈ ದೇಶದಲ್ಲಿ ಇಂಥ ತಗ್ಗುನಾಡಿನ ಹೀತ್ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೋಗಿದೆ, ಹೊಲ ಆಯ್ತು, ಪೈನ್ ತೋಟ ಆಯ್ತು, ಮನೆಗಳಾಯ್ತು. "ಏನೂ ಇಲ್ಲದ ಜಾಗ" ಅಂತ ಅನ್ಸಿದ್ದೇ ಅದಕ್ಕೆ ಶಾಪ.

ನಾವು ಹೋದಾಗ ಬೆಲ್ ಹೆದರ್ ಅನ್ನೋ ಹೂಗಿಡ ಪೂರ್ತಿ ಅರಳಿತ್ತು, ಗಾಢ ನೇರಳೆ. ಲಿಂಗ್ ಅನ್ನೋ ಇನ್ನೊಂದು ಜಾತಿ ಆಗಸ್ಟಲ್ಲಿ ಅರಳೋದು, ಅದಿನ್ನೂ ಮೊಗ್ಗು. ಫೋಟೋನೇ ಮುಖ್ಯ ಅನ್ನೋರು ಆಗಸ್ಟ್ ನಡುವೆ ಹೋಗಿ.

ಈ ಜಾಗದ ಹೀರೋ ಡಾರ್ಟ್‌ಫರ್ಡ್ ವಾರ್‌ಬ್ಲರ್. ಗುಬ್ಬಿಗಿಂತ ಚಿಕ್ಕದು, ಎದೆ ದ್ರಾಕ್ಷಿರಸ ಚೆಲ್ಲಿದ ಬಣ್ಣ, ಕಣ್ಣಿನ ಸುತ್ತ ಕೆಂಪು ಉಂಗುರ, ಬಾಲ ಮಾತ್ರ ಮೈಗಿಂತ ದೊಡ್ಡದೇನೋ ಅನ್ನೋ ಹಾಗೆ ಮೇಲೆತ್ಕೊಂಡಿರುತ್ತೆ. ಚಳಿಗಾಲದಲ್ಲೂ ಇದು ವಲಸೆ ಹೋಗಲ್ಲ, ಇಲ್ಲೇ ಗಾರ್ಸ್ ಪೊದೆಲಿ ಹುಳ ಹುಡುಕ್ಕೊಂಡು ಬದುಕುತ್ತೆ. ಅದೇ ಅದರ ಗ್ರಹಚಾರ, 1962-63ರ ಭಾರಿ ಚಳಿಗೆ ಇಡೀ ಬ್ರಿಟನ್‌ನಲ್ಲಿ ಹತ್ತು ಹನ್ನೊಂದು ಜೋಡಿ ಮಾತ್ರ ಉಳಿದಿದ್ವಂತೆ. ಅಲ್ಲಿಂದ ಚೇತರಿಸ್ಕೊಂಡು ಬಂದಿರೋ ಹಕ್ಕಿ. ಕೂಂಬ್ ಹೀತ್ ಟ್ರೇಲ್‌ನಲ್ಲಿ ಒಂದು ಪೊದೆ ಮುಂದೆ ಇಪ್ಪತ್ತು ನಿಮಿಷ ನಿಂತ್ವಿ, ಒಳಗಿಂದ ಯಾರೋ ಗಂಟಲು ಕೆರ್ಕೊಂಡು ಬೈದಂಗೆ ಸದ್ದು, ಹಕ್ಕಿ ಮಾತ್ರ ಕಾಣ್ತಿಲ್ಲ, ಮಗ "ಬಾಮ್ಮಾ ಹೋಗೋಣ" ಅಂತ ಕೈ ಎಳೀತಿದಾನೆ, ಅಷ್ಟರಲ್ಲಿ ತುದಿ ಕೊಂಬೆಗೆ ಹತ್ತಿ ಕೂತು, ನಮ್ಮನ್ನೊಂದು ಸಲ ನೋಡಿ, ಮತ್ತೆ ಒಳಗೆ ಧುಮುಕ್ತು. ಮೂರು ಸೆಕೆಂಡ್ ಇರಬಹುದು. ಫೋನ್ ತೆಗೆಯೋಷ್ಟರಲ್ಲಿ ಮುಗೀತು.

ಬ್ರಿಟನ್‌ನಲ್ಲಿ ಮೂಲತಃ ಇರೋ ಹಾವು-ಹಲ್ಲಿ ಆರೇ ಜಾತಿ, ಆರೂ ಆರ್ನ್‌ನಲ್ಲಿವೆ. ನಮಗೆ ಸಿಕ್ಕಿದ್ದು ಸ್ಯಾಂಡ್ ಲಿಜರ್ಡ್, ಕಂಡುಹಿಡಿದವಳು ಅವ್ವ. ನಾವೆಲ್ಲ ಬೈನಾಕ್ಯುಲರ್ ಹಿಡ್ಕೊಂಡು ದೂರ ದೂರ ನೋಡ್ತಿದ್ರೆ ಇವಳು ಕಾಲ ಬುಡದಲ್ಲಿ "ಓತಿಕ್ಯಾತ ನೋಡ್ರಿ" ಅಂದ್ಲು. ಮರಳು ದಿಬ್ಬದ ಅಂಚಲ್ಲಿ ಹೊಟ್ಟೆ ಚಪ್ಪಟೆ ಮಾಡ್ಕೊಂಡು ಬಿಸಿಲು ಕಾಯ್ತಾ ಇತ್ತು, ಕಂದು ಮೈ, ಮೈಮೇಲೆಲ್ಲ ನಡುವೆ ಬಿಳಿ ಚುಕ್ಕೆ ಇರೋ ಕಪ್ಪು ಕಪ್ಪು ಕಣ್ಣುಗಳ ಥರ ಮಚ್ಚೆ. ಹೆಣ್ಣಿರಬೇಕು, ಗಂಡಾದ್ರೆ ವಸಂತದಲ್ಲಿ ಪಕ್ಕೆಲ್ಲ ಹಚ್ಚ ಹಸಿರು. ಮುಟ್ಟೋ ಹಾಗಿಲ್ಲ, ಕಾನೂನಿನ ರಕ್ಷಣೆ ಇದೆ.

ಸೀಕಾ ಜಿಂಕೆ ಹುಡುಕೋದೇ ಬೇಡ, ಅವೇ ಕಾಣ್ತವೆ. ಬೇಸಿಗೆಲಿ ಮೈಮೇಲೆ ಚುಕ್ಕೆ, ನಮ್ಮ ಚುಕ್ಕೆ ಜಿಂಕೆ ಥರಾನೇ. ಮೂಲ ಜಪಾನ್ ಕಡೇದು, 1896ರಲ್ಲಿ ಎದುರಿನ ಬ್ರೌನ್‌ಸೀ ದ್ವೀಪಕ್ಕೆ ತಂದು ಬಿಟ್ಟಿದ್ರು, ಕೆಲವು ಈಜ್ಕೊಂಡು ಈ ಕಡೆ ಬಂದ್ವು. ಶಿಪ್‌ಸ್ಟಲ್ ಕಡೆ ಬೀಚಿಗೆ ಹೋದ್ರೆ ಆ ದ್ವೀಪ ಎದುರಿಗೇ ಕಾಣುತ್ತೆ. ಹಾರ್ಬರ್ ಮೇಲೆ ಮೀನು ಹಿಡಿಯೋ ಆಸ್ಪ್ರೇ ಹದ್ದುಗಳೂ ಹಾರ್ತವೆ ಅಂತ ಕಾದಿದ್ದೇ ಬಂತು, 2022ರಲ್ಲಿ ಇಲ್ಲಿ ಮರಿ ಮಾಡಿದ್ವು, ದಕ್ಷಿಣ ಕರಾವಳಿಲಿ ಸುಮಾರು 200 ವರ್ಷದ ಮೇಲೆ ಮೊದಲ ಸಲ. ನಮಗೆ ದರ್ಶನ ಕೊಡ್ಲಿಲ್ಲ.

ನನಗೆ ತಲೆಲಿ ಉಳಿದಿದ್ದು ಮಾತ್ರ ಬೇರೆ. ಒಂದು ಕಡೆ ಸಾಲು ಸಾಲು ಪೈನ್ ಬುಡಗಳು, ಕಡಿದು ಹಾಕಿದಾರೆ. ಮಗ ಸ್ಕೂಲಲ್ಲಿ ಮರ ಉಳಿಸಿ ಅಂತ ಪೋಸ್ಟರ್ ಮಾಡೋನು, ಅವನಿಗೆ ಸಿಟ್ಟು ಬಂತು. ಅಲ್ಲಿದ್ದ ವಾಲಂಟಿಯರ್ ಒಬ್ಬರು ನಿಧಾನಕ್ಕೆ ಅವನಿಗೆ ಹೇಳಿದ್ರು, ಇಲ್ಲಿ ಪೈನು, ಬರ್ಚು ಸಸಿ ಕೀಳದೆ ಬಿಟ್ರೆ ಕೆಲವೇ ವರ್ಷಕ್ಕೆ ಕಾಡಾಗುತ್ತೆ, ಆಗ ಆ ಹಕ್ಕಿಗೂ ಜಾಗ ಇಲ್ಲ, ಓತಿಕ್ಯಾತಕ್ಕೆ ಮೊಟ್ಟೆ ಇಡೋ ಬಿಸಿಲು ಮರಳೂ ಇಲ್ಲ. ಅದಕ್ಕೇ ಮರ ಕಡೀತಾರೆ. 2020ರಲ್ಲಿ ಸುತ್ತಲಿನ ಹೀತ್‌ಗಳನ್ನೆಲ್ಲ ಸೇರಿಸಿ ಪರ್ಬೆಕ್ ಹೀತ್ಸ್ ಅಂತ ಒಂದೇ ದೊಡ್ಡ ರಿಸರ್ವ್ ಮಾಡಿದಾರೆ, 3,000 ಹೆಕ್ಟೇರ್ ಮೇಲಿದೆ, ಅಲ್ಲಿ ದನ, ಕುದುರೆ, ಹಂದಿನೂ ಮೇಯಿಸ್ತಾರೆ. ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದ್ರೆ ಅವಳು ಸುಮ್ಮನೆ ಕೇಳಿಸ್ಕೊಂಡು "ನಮ್ಮಲ್ಲಿ ಬಯಲಿಗೆ ನೀಲಗಿರಿ ಹಚ್ಚಿದ್ರು" ಅಂದ್ಲು. ನಿಜ. ನಮ್ಮ ರಾಣೆಬೆನ್ನೂರು ಕೃಷ್ಣಮೃಗ ಧಾಮ ಆಗಿದ್ದು 1974ರಲ್ಲಿ, ಅಲ್ಲಿ ಬಯಲಲ್ಲಿ ಬದುಕೋ ಕೃಷ್ಣಮೃಗ, ತೋಳ, ಒಂದು ಕಾಲಕ್ಕೆ ದೊರವಾಯನ ಹಕ್ಕಿನೂ ಇತ್ತು. ಹುಲ್ಲುಗಾವಲಲ್ಲಿ ಗಿಡ ನೆಟ್ಟಿದ್ದಕ್ಕೆ ಹಸಿರಾಯ್ತು ಅಂತ ನಾವು ಚಿಕ್ಕೋರಿದ್ದಾಗ ಖುಷಿಪಟ್ಟಿದ್ದೆ ನಾನು, ಸುಳ್ಳು ಯಾಕೆ ಹೇಳ್ಲಿ.

ರಾತ್ರಿ ವೇರ್‌ಹ್ಯಾಮ್‌ನಲ್ಲೇ ಉಳ್ಕೊಂಡ್ವಿ. ಬಿ ಅಂಡ್ ಬಿ ಹೆಸರು ಬೇಡ, ವೆಜ್ ಬ್ರೇಕ್‌ಫಾಸ್ಟ್ ಅಂತ ಒಂದು ಟೊಮೆಟೊ ಸುಟ್ಟು ಕೊಟ್ರು ಅಷ್ಟೇ, ಪುಣ್ಯಕ್ಕೆ ಅವ್ವನ ಡಬ್ಬಿಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಸೂರ್ಯ ಮುಳುಗಿದ ಮೇಲೆ ಒಂಬತ್ತೂವರೆಗೆ ಪಕ್ಕದ ಸ್ಟೋಬರೋ ಹೀತ್‌ಗೆ ನೈಟ್‌ಜಾರ್ ಹಕ್ಕಿ ಹಾಡು ಕೇಳೋಕೆ ಹೋದ್ವಿ, ನಮ್ಮ ಕಡೆ ನತ್ತಿಂಗ ಅಂತೀವಲ್ಲ ಅದೇ ಬಳಗ. ಆಫ್ರಿಕಾದಿಂದ ಮೇ ತಿಂಗಳಿಗೆ ಬರುತ್ತೆ, ಜುಲೈ ದಾಟಿದ್ರೆ ಹಾಡು ಕಮ್ಮಿ. ಮೊದಲು ಬರೀ ಸೊಳ್ಳೆ. ಆಮೇಲೆ ಕತ್ತಲಲ್ಲಿ ಎಲ್ಲಿಂದಲೋ ಗರ್ರರ್ರ್ ಅಂತ ಶುರುವಾಯ್ತು, ಉಸಿರೇ ತಗೊಳ್ದೆ ನಿಮಿಷಗಟ್ಟಲೆ, ಒಂದೊಂದು ಸಲ ಗೇರ್ ಬದಲಾಯಿಸಿದಂಗೆ ದನಿ ಇಳಿಯುತ್ತೆ ಏರುತ್ತೆ. "ಹಿಟ್ಟಿನ ಗಿರಣಿ ಚಾಲೂ ಆತು" ಅಂದ್ಲು ಅವ್ವ. ಅದಕ್ಕಿಂತ ಒಳ್ಳೆ ವಿವರಣೆ ನಾನೆಲ್ಲೂ ಓದಿಲ್ಲ.

ಹೋಗೋರಿಗೆ ಒಂದಿಷ್ಟು. ವೇರ್‌ಹ್ಯಾಮ್‌ಗೆ ಲಂಡನ್ ವಾಟರ್‌ಲೂದಿಂದ ಟ್ರೈನ್ ಇದೆ, ಆದ್ರೆ ಅಲ್ಲಿಂದ ಇನ್ನೂ ಕೆಲವು ಮೈಲಿ, ಕಾರಿದ್ರೆ ಸಲೀಸು, ಕೊನೇ ರಸ್ತೆ ಕಿರಿದು. ಆರ್‌ಎಸ್‌ಪಿಬಿ ಮೆಂಬರ್‌ಗಳಿಗೆ ಪಾರ್ಕಿಂಗ್ ಫ್ರೀ, ಉಳಿದೋರು ಕೊಡಬೇಕು. ಕೆಫೆ, ಟಾಯ್ಲೆಟ್ ಇದೆ. ಉದ್ದ ಪ್ಯಾಂಟು, ಸಾಕ್ಸು ಹಾಕ್ಕೊಳ್ಳಿ, ಉಣ್ಣಿ ಕಾಟ ಇದೆ, ಅದರಿಂದ ಲೈಮ್ ಕಾಯಿಲೆ ಬರಬಹುದು, ಮನೆಗೆ ಬಂದು ಮಕ್ಕಳ ಮೊಣಕಾಲ ಹಿಂದೆಲ್ಲ ನೋಡಿ. ನಾನು ಸ್ಯಾಂಡಲ್ ಹಾಕ್ಕೊಂಡು ಹೋಗಿ ದಾರಿಪೂರ್ತಿ ಮರಳು ಕೊಡವಿದೆ. ಬಾರ್ಬೆಕ್ಯೂ ಅಂತೂ ಕನಸಲ್ಲೂ ಬೇಡ, 2020ರ ಮೇ ತಿಂಗಳಲ್ಲಿ ಹತ್ತಿರದ ವೇರ್‌ಹ್ಯಾಮ್ ಫಾರೆಸ್ಟ್‌ಗೆ ಬೆಂಕಿ ಬಿದ್ದು 200 ಹೆಕ್ಟೇರ್‌ಗಿಂತ ಜಾಸ್ತಿ ಸುಟ್ಟೋಗಿತ್ತು.

ಅರ್ಧ ಸ್ಟಾರ್ ಕಟ್ ಮಾಡಿದ್ದು ನೆರಳಿಲ್ಲ ಅಂತ, ಮಧ್ಯಾಹ್ನ ಬಯಲಲ್ಲಿ ವಯಸ್ಸಾದೋರಿಗೆ ಕಷ್ಟ ಆಗುತ್ತೆ, ಬೆಳಿಗ್ಗೆ ಬೇಗ ಹೋಗಿ.

ವಾಪಸ್ ಬರ್ತಾ ಕಾರಲ್ಲಿ ಅವ್ವ ಊರಿಗೆ ಫೋನ್ ಹಚ್ಚಿದ್ಲು, ಚಿಕ್ಕಮ್ಮನ ಹತ್ರ ಹಕ್ಕಿ ಮಾತಿಲ್ಲ, ಸಮುದ್ರದ ಮಾತಿಲ್ಲ. "ಇಲ್ಲೆ ಕಾವಲು ಕಾಯಾಕ ಗಿಡ ಕಡೀತಾರಬೇ, ಅದೂ ಮಂದಿ ಪುಕ್ಕಟ ಬಂದು ಕಡೀತಾರಂತ."