ಗುಂಡಿ ತಿರುಗಿಸುವ ಫ್ಯಾನ್ ರೆಗ್ಯುಲೇಟರ್: ಎರಡು ತಿಂಗಳ ಬಳಕೆಯ ನಂತರ

ತಾಯಿಯವರು ಮಲಗುವ ಕೋಣೆಯ ರೆಗ್ಯುಲೇಟರ್ ಕೆಟ್ಟಿದ್ದರಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 180 ರೂಪಾಯಿ ಕೊಟ್ಟು, ಹಂತಗಳಿಲ್ಲದೆ ನಯವಾಗಿ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ತಂದೆ. ಸ್ವಿಚ್‌ಬೋರ್ಡಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಹಳೆಯ ಕಾಲದ ಡಬ್ಬದಂತಹ ರೆಗ್ಯುಲೇಟರಿನಂತೆ ಕಾಯುವುದೂ ಇಲ್ಲ. ಆದರೆ ವೇಗ ತಗ್ಗಿಸಿದೊಡನೆ ಫ್ಯಾನು ಗುಂಯ್‌ಗುಡುತ್ತದೆ. ನಿಶ್ಶಬ್ದವಾದ ರಾತ್ರಿಯಲ್ಲಿ ಆ ಸದ್ದು ತಾಯಿಯವರ ನಿದ್ದೆ ಕೆಡಿಸುತ್ತಿತ್ತು.

ಮನೆಯ ವಿದ್ಯುತ್ ಕಡಿಯುವ ಎಂಸಿಬಿ ಸ್ವಿಚ್ಚನ್ನು ಆಫ್ ಮಾಡಿ ಅದನ್ನು ಬಿಚ್ಚಿ ನೋಡಿದೆ. ಒಳಗೆ ಬಿಟಿ136 ಟ್ರಯಾಕ್ (ಪ್ರವಾಹವನ್ನು ಬಿಡುವ, ತಡೆಯುವ ಎಲೆಕ್ಟ್ರಾನಿಕ್ ಸ್ವಿಚ್ಚು), ಅದಕ್ಕೆ ಚಾಲನೆ ಕೊಡುವ, ಅಕ್ಕಿಕಾಳಿನಷ್ಟು ದೊಡ್ಡ ನೀಲಿ ಗಾಜಿನ ಡಿಬಿ3 ಡಯಾಕ್, ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು ಗುಂಡಿಗೆ ಜೋಡಿಸಿದ, ತಿರುಗಿಸಿದಂತೆ ರೋಧ ಬದಲಾಗುವ ಪೊಟೆನ್ಶಿಯೋಮೀಟರ್ ಇದ್ದವು. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಪ್ರತಿ ಅರ್ಧ ಅಲೆಯೂ 10 ಮಿಲಿಸೆಕೆಂಡಿನದು. ಅಲೆ ಶುರುವಾದಾಗ ಟ್ರಯಾಕ್ ಮುಚ್ಚಿರುತ್ತದೆ, ಅಂದರೆ ಪ್ರವಾಹವನ್ನು ಬಿಡುವುದಿಲ್ಲ. ಕೆಪಾಸಿಟರ್ ನಿಧಾನವಾಗಿ ತುಂಬಿಕೊಂಡು ಸುಮಾರು 32 ವೋಲ್ಟ್ ಮುಟ್ಟಿದಾಗ ಡಯಾಕ್ ತೆರೆದು ಟ್ರಯಾಕಿನ ಗೇಟಿಗೆ (ಅಪ್ಪಣೆ ಪಡೆಯುವ ಕಾಲಿಗೆ) ಒಂದು ಮಿಡಿತ ಕೊಡುತ್ತದೆ, ಆಮೇಲೆ ಪ್ರವಾಹ ಸೊನ್ನೆಯ ಹತ್ತಿರಕ್ಕೆ ಇಳಿಯುವವರೆಗೂ ಟ್ರಯಾಕ್ ತೆರೆದೇ ಇರುತ್ತದೆ. ಗುಂಡಿ ತಿರುಗಿಸುವುದೆಂದರೆ ಕೆಪಾಸಿಟರ್ ತುಂಬುವ ಸಮಯವನ್ನು ಹೆಚ್ಚುಕಡಿಮೆ ಮಾಡುವುದು, ಅಷ್ಟೇ. 5 ಮಿಲಿಸೆಕೆಂಡ್ ತಡವಾಗಿ ತೆರೆದರೆ ತಂತಿ ಬಲ್ಬಿಗೆ ಸುಮಾರು ಅರ್ಧ ಶಕ್ತಿ ಸಿಗುತ್ತದೆ. ಉಳಿದದ್ದನ್ನು ಶಾಖವಾಗಿ ಸುಡುವ ಬದಲು ಒಳಗೆ ಬಿಡುವುದೇ ಇಲ್ಲ. ತಣ್ಣಗಿರುವುದರ ಗುಟ್ಟು ಇದು, ಮತ್ತು ಇಷ್ಟು ಕಡಿಮೆ ಬೆಲೆಗೆ ಇದು ನಿಜಕ್ಕೂ ಜಾಣ ಏರ್ಪಾಡು.

ಫ್ಯಾನಿನ ಕಥೆ ಬೇರೆ. ಹೀಗೆ ಕತ್ತರಿಸಿದ ಅಲೆ ಪ್ರತಿ ಸೆಕೆಂಡಿಗೆ 100 ಸಲ ಮೋಟಾರನ್ನು ಥಟ್ಟನೆ ತಟ್ಟುವುದರಿಂದ ಅದರ ಸುರುಳಿ, ಕಬ್ಬಿಣದ ಹಾಳೆಗಳೆಲ್ಲ ಅದುರಿ ಸದ್ದು ಮಾಡುತ್ತವೆ. ಇನ್ನೊಂದು ತೊಡಕೆಂದರೆ, ಸುರುಳಿಯಲ್ಲಿ ಪ್ರವಾಹವು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಹೀಗಾಗಿ ಪ್ರವಾಹ ನಿಂತು ಟ್ರಯಾಕ್ ಮುಚ್ಚುವ ಹೊತ್ತಿಗೆ ವೋಲ್ಟೇಜ್ ಆಗಲೇ ಏರಿರುತ್ತದೆ, ಆ ಹಠಾತ್ ಏರಿಕೆಗೇ ಅದು ಗೇಟಿನ ಅಪ್ಪಣೆಯಿಲ್ಲದೆ ಮತ್ತೆ ತೆರೆದುಕೊಳ್ಳಬಹುದು. ಅದನ್ನು ತಡೆಯಲು ಟ್ರಯಾಕಿಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಮತ್ತು ಕೆಪಾಸಿಟರ್ ಸೇರಿದ ಸ್ನಬ್ಬರ್ ಇರಬೇಕು. ಈ ಬೋರ್ಡಿನಲ್ಲಿ ಅವೆರಡಕ್ಕೂ ರಂಧ್ರಗಳಿದ್ದವು, ಬಿಡಿಭಾಗಗಳು ಇರಲಿಲ್ಲ! ಫ್ಯಾನಿಗೆಂದೇ ಮಾರುವ ವಸ್ತುವಿನಲ್ಲಿ ಕೆಲವೇ ರೂಪಾಯಿ ಉಳಿಸಲು ಹೀಗೆ ಮಾಡಿದ್ದನ್ನು ನಾನು ಒಪ್ಪಲಾರೆ.

ಸೀಲಿಂಗ್ ಫ್ಯಾನಿಗೆ ಬೇಕಾದವರು ಕೆಪಾಸಿಟರ್ ಬಳಸುವ, ಕಟಕಟನೆ ಹಂತಹಂತವಾಗಿ ತಿರುಗುವ ರೆಗ್ಯುಲೇಟರನ್ನೇ ಕೊಳ್ಳಿ. ಅದು ಅಲೆಯನ್ನು ಕತ್ತರಿಸದೆ ವೋಲ್ಟೇಜನ್ನಷ್ಟೇ ತಗ್ಗಿಸುತ್ತದೆ. ಬಿಎಲ್‌ಡಿಸಿ ಫ್ಯಾನಿಗೆ (ಒಳಗೇ ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಫ್ಯಾನು) ಇವೆರಡನ್ನೂ ಹಾಕಬೇಡಿ. ಡಿಮ್ಮಿಂಗ್‌ಗೆ ಹೊಂದುತ್ತದೆಂದು ಬರೆದಿರದ ಎಲ್‌ಇಡಿ ಬಲ್ಬು ಈ ನಯವಾಗಿ ತಿರುಗುವ ರೆಗ್ಯುಲೇಟರಿನಲ್ಲಿ ಮಿಣುಕಬಹುದು. ನಾನು ಬಿಚ್ಚಿದ ರೆಗ್ಯುಲೇಟರನ್ನು ಈಗ ನನ್ನ 25 ವ್ಯಾಟಿನ ಸೋಲ್ಡರಿಂಗ್ ಐರನ್ನಿಗೆ ಜೋಡಿಸಿದ್ದೇನೆ, ತುದಿಯ ಬಿಸಿ ಬೇಕಾದಷ್ಟಕ್ಕೆ ನಿಲ್ಲುತ್ತದೆ. ತಾಯಿಯವರ ಕೋಣೆಗೆ ಹಂತದ ರೆಗ್ಯುಲೇಟರ್ ಬಂದಿದೆ, ಎರಡನೆಯ ಹಂತದಲ್ಲಿ ರೆಕ್ಕೆಯ ಗಾಳಿಯ ಸದ್ದಷ್ಟೇ ಕೇಳುತ್ತದೆ.