ಕದನವಿರಾಮದ ನಂತರದ ಸೂಪರ್‌ಹೀರೋಗಳು: ‘ಜಸ್ಟೀಸ್ ಲೀಗ್: ದ ನ್ಯೂ ಫ್ರಾಂಟಿಯರ್’

1953ರ ಜುಲೈ 27ರಂದು ಕೊರಿಯಾದಲ್ಲಿ ಕದನವಿರಾಮದ ಒಪ್ಪಂದಕ್ಕೆ ಸಹಿ ಬಿತ್ತು. ಆ ಸುದ್ದಿ ಹೊರಬಿದ್ದ ಮೇಲೂ ಆಕಾಶದಲ್ಲಿ ವೈರಿ ವಿಮಾನಗಳಿಗೆ ಎದುರಾಗಿ, ಪ್ಯಾರಾಚೂಟಿನಲ್ಲಿ ನೆಲಕ್ಕಿಳಿದು, ಯುದ್ಧ ಮುಗಿದದ್ದನ್ನು ಅರಿಯದ ಸೈನಿಕನೊಬ್ಬನನ್ನು ಪ್ರಾಣ ಉಳಿಸಿಕೊಳ್ಳುವ ಸಲುವಾಗಿ ಕೊಲ್ಲಬೇಕಾಗಿ ಬಂದ ಯುವ ಪೈಲಟ್ ಹ್ಯಾಲ್ ಜೋರ್ಡನ್ ಈ ಅನಿಮೇಷನ್ ಚಿತ್ರದ ನಿಜವಾದ ಕೇಂದ್ರ. ಮುಂದೆ ಹಸಿರು ಉಂಗುರ ತೊಟ್ಟು ಗ್ರೀನ್ ಲ್ಯಾಂಟರ್ನ್ ಆಗುವವನು ಅವನೇ. ಸೂಪರ್‌ಹೀರೋಗಳ ತಂಡವೊಂದು ಹುಟ್ಟುವ ಕಥೆಯನ್ನು ಗೆಲುವಿನಿಂದ ಆರಂಭಿಸದೆ ಒಬ್ಬ ಸೈನಿಕನ ಮನಸ್ಸಿನ ಗಾಯದಿಂದ ಆರಂಭಿಸಿರುವುದು ನನ್ನ ಮಟ್ಟಿಗೆ ಈ ಚಿತ್ರದ ಅತಿ ದೊಡ್ಡ ಗುಣ.

ಕೊಡಗಿನವರಿಗೆ ಆ ವರ್ಷದ ಕೊರಿಯಾ ದೂರದ ದೇಶವಲ್ಲ. ಮಡಿಕೇರಿಯಲ್ಲಿ ಹುಟ್ಟಿದ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯನವರು ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಅಲ್ಲಿಗೆ ಹೋದದ್ದು 1953ರಲ್ಲಿಯೇ. ತಮ್ಮ ದೇಶಕ್ಕೆ ಮರಳಲು ಒಪ್ಪದ ಸಾವಿರಾರು ಯುದ್ಧಕೈದಿಗಳ ಹೊಣೆ ಆ ಆಯೋಗದ ಮೇಲಿತ್ತು. ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಗುಂಡಿನ ಸದ್ದು ನಿಂತ ಮೇಲೂ ಯುದ್ಧದ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಆ ಮನೆಯನ್ನು ನೋಡಿ ಬಂದ ನಮ್ಮ ಮಕ್ಕಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ, ಮತ್ತು ಈ ಚಿತ್ರದ ಮೊದಲ ಭಾಗ ಅವರಿಗೆ ಬೇಗ ಅರ್ಥವಾಗುವುದೂ ಅದೇ ಕಾರಣಕ್ಕೆ. ಸೇನೆಯಿಂದ ನಿವೃತ್ತರಾದ ನಮ್ಮ ದೊಡ್ಡಪ್ಪ, ಬಣ್ಣದ ಚಿತ್ರಗಳೆಂದರೆ ಮಕ್ಕಳ ಆಟವೆಂದು ಪತ್ರಿಕೆ ಹಿಡಿದು ಕುಳಿತಿದ್ದವರು, ಹ್ಯಾಲ್‌ನ ದೃಶ್ಯ ಬಂದಾಗ ಪತ್ರಿಕೆ ಮಡಿಸಿಟ್ಟರು. “ಆದೇಶ ಹೊರಡುವುದಕ್ಕೂ ಅದು ಮುಂಚೂಣಿಗೆ ಮುಟ್ಟುವುದಕ್ಕೂ ನಡುವೆ ಹೊತ್ತು ಹಿಡಿಯುತ್ತದೆ ಮಗಾ, ಆ ಹೊತ್ತಿನಲ್ಲಿ ಸತ್ತವರೂ ಇರುತ್ತಾರೆ” ಎಂದು ನನ್ನ ಸೋದರಳಿಯನಿಗೆ ಹೇಳಿ, ಕೊನೆಯವರೆಗೂ ಎದ್ದು ಹೋಗದೆ ನೋಡಿದರು.

ಚಿತ್ರ ಬಂದದ್ದು 2008ರಲ್ಲಿ, ಚಿತ್ರಮಂದಿರಕ್ಕಲ್ಲ, ನೇರವಾಗಿ ಡಿವಿಡಿಗೆ. ಡೇವ್ ಬುಲಕ್ ನಿರ್ದೇಶಿಸಿದ್ದಾರೆ, ಸ್ಟಾನ್ ಬರ್ಕೊವಿಟ್ಜ್ ಚಿತ್ರಕಥೆ ಬರೆದಿದ್ದಾರೆ, ನಿರ್ಮಾಪಕರು ಬ್ರೂಸ್ ಟಿಮ್. ಇದರ ಮೂಲ ಕೆನಡಾದ ಚಿತ್ರಕಾರ ಡಾರ್ವಿನ್ ಕುಕ್ ಬರೆದು ಚಿತ್ರಿಸಿದ, 2004ರಲ್ಲಿ ಆರು ಸಂಚಿಕೆಗಳಲ್ಲಿ ಮುಗಿದ ಕಾಮಿಕ್. ಕುಕ್ ಹಿಂದೆ ಟಿಮ್ ಅವರ ಬ್ಯಾಟ್‌ಮ್ಯಾನ್ ದೂರದರ್ಶನ ಸರಣಿಯಲ್ಲಿ ಸ್ಟೋರಿಬೋರ್ಡ್ ಬರೆಯುತ್ತಿದ್ದವರು. ಹಾಗಾಗಿ ಅವರ ಪುಟಗಳಲ್ಲಿ ಮೊದಲೇ ಅನಿಮೇಷನ್ನಿನ ಚಲನೆ ಇತ್ತು, ಅದು ಪರದೆಗೆ ಬಂದಾಗ ಪರಕೀಯ ಅನ್ನಿಸುವುದಿಲ್ಲ. ದಪ್ಪ ಗೆರೆ, ಚೌಕ ದವಡೆ, ಕಡಿಮೆ ನೆರಳು, ಐವತ್ತರ ದಶಕದ ಜಾಹೀರಾತುಗಳಲ್ಲಿ ಕಾಣುತ್ತಿದ್ದ ತಿಳಿ ಬಣ್ಣ ಇವೆಲ್ಲವೂ ಕಥೆಯ ಕಾಲಕ್ಕೆ ಒಪ್ಪುತ್ತವೆ. ಇಲ್ಲಿನ ವಂಡರ್ ವುಮನ್ ಸೂಪರ್‌ಮ್ಯಾನ್‌ಗಿಂತ ಎತ್ತರವಾಗಿದ್ದಾಳೆ, ಮೈಕಟ್ಟು ಯೋಧೆಯದು. ಹೆಣ್ಣು ಪಾತ್ರಗಳನ್ನು ಬಳುಕುವ ಗೊಂಬೆಗಳಂತೆ ಬರೆಯುವ ಅಭ್ಯಾಸವಿರುವ ಈ ಪ್ರಕಾರದಲ್ಲಿ ಅದೊಂದು ನಿರ್ಧಾರವೇ ನನಗೆ ಬಹಳ ಗೌರವ ತಂದಿತು.

ಕಾಲದ ಸಂದರ್ಭವನ್ನು ಸ್ವಲ್ಪ ಹೇಳಬೇಕು. ಶೀತಲ ಸಮರದ ಅಮೆರಿಕದಲ್ಲಿ ಮುಖವಾಡ ತೊಟ್ಟವರನ್ನೆಲ್ಲ ಸರ್ಕಾರ ಸಂಶಯದಿಂದ ನೋಡುತ್ತದೆ. ಸೂಪರ್‌ಮ್ಯಾನ್ ಮತ್ತು ವಂಡರ್ ವುಮನ್ ಸರ್ಕಾರದ ಪರವಾಗಿ ಕೆಲಸ ಮಾಡಲು ಒಪ್ಪಿಕೊಂಡಿದ್ದಾರೆ, ಬ್ಯಾಟ್‌ಮ್ಯಾನ್ ಮರೆಯಲ್ಲಿದ್ದಾನೆ, ಉಳಿದವರು ಬಚ್ಚಿಟ್ಟುಕೊಂಡಿದ್ದಾರೆ. ಜನರ ಪ್ರಾಣ ಉಳಿಸಿದ ಫ್ಲ್ಯಾಶ್‌ನಂಥವನೂ ತನ್ನ ಹಿಂದೆಯೇ ಸರ್ಕಾರದ ಏಜೆಂಟರು ಬಿದ್ದದ್ದನ್ನು ಕಂಡು ವೇಷ ಕಳಚಿಡುತ್ತಾನೆ. ಯಾರು ನಮ್ಮವರು, ಯಾರು ಹೊರಗಿನವರು ಎಂಬ ಭಯವೇ ಇಲ್ಲಿ ಮೊದಲ ಖಳನಾಯಕ.

ಆ ಭಯವನ್ನು ಅತಿ ಸೂಕ್ಷ್ಮವಾಗಿ ಹೊತ್ತು ನಡೆಯುವವನು ಮಂಗಳ ಗ್ರಹದ ಜಾನ್ ಜಾನ್ಸ್. ವಿಜ್ಞಾನಿಯೊಬ್ಬನ ಪ್ರಯೋಗದಿಂದ ಆಕಸ್ಮಿಕವಾಗಿ ಭೂಮಿಗೆ ಬಂದು ಬಿದ್ದ ಈ ಒಂಟಿ ಜೀವಿ, ಟಿವಿಯ ಮುಂದೆ ಕುಳಿತು, ಅದರಲ್ಲಿ ಕಂಡವರ ರೂಪಗಳನ್ನೆಲ್ಲ ತನ್ನ ಮೈಮೇಲೆ ತಂದುಕೊಳ್ಳುತ್ತ ಮನುಷ್ಯರಂತೆ ಬದುಕುವುದನ್ನು ಕಲಿಯುತ್ತಾನೆ. ಕೊನೆಗೆ ಗಾಥಮ್ ನಗರದಲ್ಲಿ ಪತ್ತೇದಾರನಾಗುತ್ತಾನೆ. ತಮಾಷೆಯಾಗಿ ಆರಂಭವಾಗುವ ಈ ಭಾಗ ನಿಧಾನವಾಗಿ ಎದೆಗೆ ತಾಕುತ್ತದೆ, ಏಕೆಂದರೆ ಅನ್ಯಗ್ರಹದವರನ್ನು ಈ ಊರಿನವರು ಎಷ್ಟು ದ್ವೇಷಿಸುತ್ತಾರೆಂಬುದು ಅವನಿಗೆ ದಿನದಿನವೂ ಗೊತ್ತಾಗುತ್ತ ಹೋಗುತ್ತದೆ, ಗೊತ್ತಾದಷ್ಟೂ ಮರಳಿ ಹೋಗುವ ಆಸೆ ಬಲಿಯುತ್ತದೆ. ಮಿಗುಯೆಲ್ ಫೆರರ್ ಅವರ ತಗ್ಗಿದ, ದಣಿದ ದನಿ ಈ ಪಾತ್ರದ ಜೀವಾಳ. ತನ್ನನ್ನು ಸೆರೆಹಿಡಿದ ಸರ್ಕಾರಿ ಅಧಿಕಾರಿ ಕಿಂಗ್ ಫ್ಯಾರಡೇಯೊಂದಿಗೆ ಅವನಿಗೆ ಬೆಳೆಯುವ ಸ್ನೇಹವನ್ನು ನೋಡಿ. ಇಡೀ ಚಿತ್ರದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಸಂಬಂಧ ಇನ್ನೊಂದಿಲ್ಲ. ಬ್ಯಾಟ್‌ಮ್ಯಾನ್ ಅವನನ್ನು ನಂಬುತ್ತೇನೆಂದು ಹೇಳುತ್ತಲೇ, ನಂಬಿಕೆ ಕೆಟ್ಟರೆ ನಿನ್ನನ್ನು ಮುಗಿಸಲು ಒಂದು ಬೆಂಕಿಪೊಟ್ಟಣದ ಕಾಸು ಸಾಕೆಂದು ಎಚ್ಚರಿಸುವ ಚಿಕ್ಕ ದೃಶ್ಯವೂ ಮನಸ್ಸಿನಲ್ಲಿ ಉಳಿಯುತ್ತದೆ. ಅದೇ ಬ್ಯಾಟ್‌ಮ್ಯಾನ್ ತಾನು ಕಾಪಾಡಿದ ಮಗುವೇ ತನ್ನನ್ನು ಕಂಡು ಹೆದರಿದ್ದರಿಂದ ಮುಂದೆ ತನ್ನ ಉಡುಪನ್ನೇ ಬದಲಿಸುತ್ತಾನೆ. ಮಾತಿನಲ್ಲಿ ಹೆಚ್ಚು ವಿವರಿಸದೆ ಒಬ್ಬ ಮನುಷ್ಯ ಮೆತ್ತಗಾದದ್ದನ್ನು ತೋರಿಸುವ ಕ್ರಮ ಇದು.

ವಂಡರ್ ವುಮನ್‌ಳ ಇಂಡೋಚೀನಾ ದೃಶ್ಯದ ಬಗ್ಗೆ ಹೆತ್ತವರು ಮೊದಲೇ ತಿಳಿದಿರುವುದು ಒಳ್ಳೆಯದು. ಸೆರೆಯಲ್ಲಿ ಹಿಂಸೆ ಅನುಭವಿಸಿದ ಹೆಂಗಸರನ್ನು ಬಿಡಿಸಿ, ಅವರು ತಮ್ಮನ್ನು ಹಿಂಸಿಸಿದವರನ್ನು ಕೊಲ್ಲುವಾಗ ತಡೆಯದೆ ನಿಂತ ಅವಳನ್ನು ಸೂಪರ್‌ಮ್ಯಾನ್ ಪ್ರಶ್ನಿಸುತ್ತಾನೆ. ಅವಳು ತಲೆ ತಗ್ಗಿಸುವುದಿಲ್ಲ. ರಕ್ತ ಹೆಚ್ಚು ಕಾಣುವುದಿಲ್ಲ, ಆದರೆ ವಿಷಯ ಭಾರವಾದದ್ದು. ಚಿತ್ರದ ಮೊದಲ ನಿಮಿಷಗಳಲ್ಲಿಯೂ ಒಬ್ಬ ಲೇಖಕ ತನ್ನ ಪ್ರಾಣ ತೆಗೆದುಕೊಳ್ಳುವ ಸನ್ನಿವೇಶವಿದೆ. ಹದಿಮೂರು ದಾಟದ ಮಕ್ಕಳಿಗೆ ಒಬ್ಬರನ್ನೇ ಕೂರಿಸಿ ತೋರಿಸಬೇಡಿ. ನಾನು ನೋಡಿದ್ದು ಇಂಗ್ಲಿಷ್ ಧ್ವನಿಯಲ್ಲಿ. ಮಾತು ವೇಗವಾಗಿರುವ ಕಡೆ ಉಪಶೀರ್ಷಿಕೆ ಹಾಕಿಕೊಂಡು, ಬೇಕಾದಲ್ಲಿ ನಿಲ್ಲಿಸಿ ವಿವರಿಸುತ್ತ ನೋಡಿದರೆ ಪ್ರೌಢಶಾಲೆಯ ಮಕ್ಕಳು ಚೆನ್ನಾಗಿ ಹಿಡಿದುಕೊಳ್ಳುತ್ತಾರೆ.

ಇನ್ನು ಕೊರತೆಗಳು. ಚಿತ್ರದ ಅವಧಿ ಸುಮಾರು 75 ನಿಮಿಷ ಮಾತ್ರ, ಮೂಲ ಕೃತಿಯ ಹರವು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಇದರ ಪರಿಣಾಮ ದ್ವಿತೀಯಾರ್ಧದಲ್ಲಿ ಎದ್ದು ಕಾಣುತ್ತದೆ. ‘ದ ಸೆಂಟರ್’ ಎಂಬ ಶತ್ರು ಒಂದು ಜೀವಂತ ದ್ವೀಪ. ಅನಾದಿ ಕಾಲದಿಂದ ಭೂಮಿಯ ಮೇಲಿದ್ದು, ಅಣುಬಾಂಬ್ ಹಿಡಿದ ಮನುಷ್ಯಕುಲವನ್ನು ಅಳಿಸಿಬಿಡಬೇಕೆಂದು ತೀರ್ಮಾನಿಸಿದ ಜೀವಿ. ಕೀತ್ ಡೇವಿಡ್ ಅವರ ಆಳವಾದ ಕಂಠದಲ್ಲಿ ಅದರ ಮಾತು ಕೇಳುವಾಗ ಮೈ ನಡುಗುತ್ತದೆ, ಆದರೆ ಅದು ಪರದೆಯ ಮೇಲೆ ಬಂದು ಡೈನೊಸಾರ್‌ಗಳನ್ನು ಉಗುಳಲು ಆರಂಭಿಸಿದ ಮೇಲೆ ಉಳಿಯುವುದು ಸಾಮಾನ್ಯ ರಾಕ್ಷಸನೊಂದಿಗಿನ ಸಾಮಾನ್ಯ ಕಾಳಗ. ಅಷ್ಟು ಹೊತ್ತು ಪರಸ್ಪರ ಸಂಶಯದಲ್ಲಿದ್ದ ಸೈನಿಕರು, ವಿಜ್ಞಾನಿಗಳು, ವೇಷಧಾರಿಗಳು ಒಂದಾಗುವುದಕ್ಕೆ ಸೂಪರ್‌ಮ್ಯಾನ್‌ನ ಒಂದು ಭಾಷಣ ಸಾಕಾಗಿಬಿಡುತ್ತದೆ. ಅಷ್ಟು ಜತನದಿಂದ ಕಟ್ಟಿದ ಅಪನಂಬಿಕೆ ಅಷ್ಟು ಸಲೀಸಾಗಿ ಕರಗಬಾರದಿತ್ತು. ಆದರೂ ಹ್ಯಾಲ್‌ನ ವಿಷಯದಲ್ಲಿ ಚಿತ್ರ ನ್ಯಾಯ ತಪ್ಪಿಲ್ಲ: ಕೊಲ್ಲಲು ಹಿಂಜರಿಯುವವನ ಕೈಗೇ ಎಲ್ಲಕ್ಕಿಂತ ದೊಡ್ಡ ಆಯುಧ ಬರುತ್ತದೆ, ಅವನು ಅದನ್ನು ಬಳಸುವ ರೀತಿಯಲ್ಲಿ ಮೊದಲ ದೃಶ್ಯದ ನೆನಪು ಕೆಲಸ ಮಾಡುತ್ತದೆ.

ಮುಕ್ತಾಯದಲ್ಲಿ ಜಾನ್ ಎಫ್. ಕೆನಡಿಯವರು 1960ರಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿತನವನ್ನು ಒಪ್ಪಿಕೊಂಡು ಮಾಡಿದ ‘ನ್ಯೂ ಫ್ರಾಂಟಿಯರ್’ ಭಾಷಣದ ಧ್ವನಿ ಕೇಳುತ್ತದೆ, ಅದರ ಮೇಲೆ ಹೊಸ ವೀರರ ಚಿತ್ರಗಳು ಹಾದುಹೋಗುತ್ತವೆ. ಕಣ್ಣಿಗೆ ಸೊಗಸು, ಕಿವಿಗೂ ಸೊಗಸು. ಆದರೆ ಅದೇ ಇಂಡೋಚೀನಾದಲ್ಲಿ ಮುಂದಿನ ವರ್ಷಗಳಲ್ಲಿ ವಿಯೆಟ್ನಾಂ ಯುದ್ಧ ನಡೆದದ್ದು ಗೊತ್ತಿರುವ ನಮಗೆ, ವಂಡರ್ ವುಮನ್ ಎತ್ತಿದ ಪ್ರಶ್ನೆಗೆ ಉತ್ತರ ಕೊಡದೆ ಚಿತ್ರ ಆಶಾವಾದದ ಕಡೆಗೆ ಅವಸರದಿಂದ ನಡೆದುಬಿಟ್ಟಿತೆನ್ನಿಸುತ್ತದೆ.

ಕೈಬಿಟ್ಟದ್ದರಲ್ಲಿ ನನಗೆ ಹೆಚ್ಚು ನೋವಾದದ್ದು ಜಾನ್ ಹೆನ್ರಿಯ ಭಾಗ. ಬಿಳಿಯರ ಗುಂಪೊಂದರ ಹಲ್ಲೆಯಿಂದ ಬದುಕುಳಿದು, ಕೈಯಲ್ಲಿ ಸುತ್ತಿಗೆ ಹಿಡಿದು ಅವರೆದುರು ನಿಂತ ಕಪ್ಪು ಮನುಷ್ಯನ ಕಥೆ ಕಾಮಿಕ್‌ನಲ್ಲಿ ಸೂಪರ್‌ಹೀರೋಗಳ ಅಮೆರಿಕವನ್ನೇ ಕಟಕಟೆಗೆ ಎಳೆಯುತ್ತದೆ; ಚಿತ್ರ ಅದನ್ನು ಬಹುಮಟ್ಟಿಗೆ ಬಿಟ್ಟಿದೆ. ಆದ್ದರಿಂದ ಚಿತ್ರ ಹಿಡಿಸಿದವರು ಕಾಮಿಕ್ ಅನ್ನೂ ತರಿಸಿಕೊಂಡು ಓದಲಿ ಎಂಬುದು ನನ್ನ ಒತ್ತಾಯ. ಪುಟಕ್ಕೆ ಮೂರರಂತೆ ಅಡ್ಡಕ್ಕೆ ಉದ್ದವಾದ ಚೌಕಟ್ಟುಗಳಲ್ಲಿ ಕುಕ್ ಕಥೆ ಹೇಳುವ ಕ್ರಮವೇ ಓದುವ ವೇಗವನ್ನು ತಗ್ಗಿಸುತ್ತದೆ, ಪಾತ್ರಗಳ ಮುಖದ ಮೇಲೆ ಕಣ್ಣು ನಿಲ್ಲುವಂತೆ ಮಾಡುತ್ತದೆ. ಚಿತ್ರವನ್ನು ಮೊದಲು ನೋಡಿ, ಕಾಮಿಕ್ ಅನ್ನು ನಂತರ ಓದಿ. ಕಥೆಯ ಎಳೆ ಮೊದಲೇ ಗೊತ್ತಿದ್ದರೆ ಅಲ್ಲಿನ ನೂರಾರು ಪಾತ್ರಗಳ ನಡುವೆ ಓದುಗ ದಾರಿ ತಪ್ಪುವುದಿಲ್ಲ.